ಬಿಟ್ಟ ಮೀನಿನ ಪಾಲು

ಮಾನ್ಯರೇ,

ಅಳಿವೆ, ಬಂಡೆದಡ, ಉಬ್ಬರಕ್ಕೆ ಬೇರು ಮುಳುಗುವ ಕಾಂಡ್ಲಾ ಕಾಡು, ತೆರೆದ ಕಡಲು ಎಂದು ಬಗೆಬಗೆಯ ಉಪ್ಪುನೀರಿನಲ್ಲಿ ಜನರಿಂದ ಗಾಳ ಹಾಕಿಸುವ ಪ್ರವಾಸ ಸಂಸ್ಥೆಯ ವ್ಯವಸ್ಥಾಪಕರಾದ ತಮಗೆ, ಸಾಗರ ತಾಲ್ಲೂಕು ತುಮರಿಯ ಲಿಖಿತ್ ಮಾಡುವ ಅನಂತ ವಂದನೆಗಳು. ತಾವೂ ತಮ್ಮ ದೋಣಿಗಳೂ ಕ್ಷೇಮವೆಂದು ನಂಬಿದ್ದೇನೆ. ತಮ್ಮ ಮೀನುಗಳಂತೂ ಕ್ಷೇಮವಾಗಿಯೇ ಇರುತ್ತವೆ. ನನ್ನ ದೂರು ಇರುವುದೇ ಆ ವಿಷಯದಲ್ಲಿ.

ತಮ್ಮ ಮಾರ್ಗದರ್ಶಿ ಕೃಷ್ಣಪ್ರಸಾದ್ ಅವರು ಕೊಕ್ಕೆಗೆ ಗರಿ ಸುತ್ತಿ ಮಾಡಿದ ಹುಸಿ ನೊಣವನ್ನು ದಾರದ ತುದಿಗೆ ಕಟ್ಟಿಕೊಟ್ಟು, ಬೆಳಿಗ್ಗೆ ಬಂಡೆಯ ಮೇಲೆ ನನ್ನದೇ ಟೋಪಿಯನ್ನೂ ಮಧ್ಯಾಹ್ನ ಕಾಂಡ್ಲಾ ಗಿಡವನ್ನೂ ನನ್ನಿಂದ ಹಿಡಿಸಿ, ಸಂಜೆ ಕುಮಟಾದ ಹತ್ತಿರದ ಅಳಿವೆಯಲ್ಲಿ ತೊಡೆ ಗಾತ್ರದ ನಿಜವಾದ ಮೀನನ್ನೇ ಹಿಡಿಸಿದರು. ನಾನು ಚೀಲ ಬಿಚ್ಚುವಷ್ಟರಲ್ಲಿ ಅವರು ಫೋಟೋ ತೆಗೆದು, ಮೀನಿನ ಬೆನ್ನು ಸವರಿ, ಅದನ್ನು ನೀರಿಗೆ ಬಿಟ್ಟು ನನ್ನ ಕೈ ಕುಲುಕಿದರು. ಅದು ಸಂಸ್ಥೆಯ ನಿಯಮವಂತೆ. ಇಂಥ ದಯೆಯನ್ನು ನಾನು ಮಠಗಳಲ್ಲೂ ಕಂಡಿಲ್ಲ.

ನಮ್ಮೂರಲ್ಲಿ ದೊಡ್ಡ ಮೀನು ಹಿಡಿದವನು ಅಕ್ಕಪಕ್ಕದ ಮನೆಗಳಿಗೆ ಪಾಲು ಕೊಡಬೇಕು. ತಾವು ಆ ಫೋಟೋವನ್ನು ಅಷ್ಟು ಮುತುವರ್ಜಿಯಿಂದ ಲೋಕಕ್ಕೆಲ್ಲ ಹಂಚಿದ್ದರಿಂದ, ನಾನು ನಮ್ಮೂರ ಹಿನ್ನೀರಿನ ಸೇತುವೆ ದಾಟುವ ಮೊದಲೇ ಪಕ್ಕದ ಮನೆಯ ಕನ್ನಪ್ಪನವರು ಪಾತ್ರೆ ಹಿಡಿದು ನಮ್ಮ ಜಗಲಿಯಲ್ಲಿ ಕೂತಿದ್ದರು; ನನ್ನ ತಾಯಿ ಕೆರಿಯಮ್ಮನವರು ಮಸಾಲೆ ಅರೆದು ಮುಗಿಸಿದ್ದರು. ಮೀನು ಬಿಟ್ಟುಬಂದೆ ಎಂದೆ. "ಹಿಡಿದ ಮೀನ ಯಾರಾದ್ರೂ ನೀರಿಗೆ ಬಿಡ್ತಾರನಾ?" ಎಂದು ತಾಯಿ ಕೇಳಿದ ಪ್ರಶ್ನೆಯನ್ನು ಹಾಗೆಯೇ ತಮಗೆ ರವಾನಿಸುತ್ತಿದ್ದೇನೆ, ಉತ್ತರವನ್ನು ದಯಮಾಡಿ ತಿಳಿಸಿ.

ನನ್ನ ಗ್ರಹಚಾರಕ್ಕೆ ಹೆಂಡತಿ ಸೌಜನ್ಯಳ ತವರು ಕುಮಟಾ. ಮೀನು ನೇರ ಅಲ್ಲಿಗೇ ಹೋಯಿತೆಂದು ತೀರ್ಮಾನಿಸಿದ ತಾಯಿ ಸೊಸೆಯೊಂದಿಗೆ ಮಾತು ಬಿಟ್ಟರು. ಕಣ್ಣಲ್ಲೂ ಕಾಣದ ಮೀನಿಗಾಗಿ ಅಪವಾದ ಹೊರಬೇಕಾದ ಸೌಜನ್ಯ ನನ್ನೊಂದಿಗೆ ಮಾತು ಬಿಟ್ಟು, ಮೊನ್ನೆ ತವರಿನ ಬಸ್ಸು ಹತ್ತಿದಳು. "ನೋಡು, ತಿನ್ನಕ್ಕೇ ಹೋದ್ಲು" ಎಂದರು ತಾಯಿ. ಅವಳಿಲ್ಲದ ಮನೆಯಲ್ಲಿ ನನಗೆ ಹೊತ್ತೇ ಹೋಗುತ್ತಿಲ್ಲ ಎಂಬುದನ್ನೂ ಸಂಸ್ಥೆಯ ಗಮನಕ್ಕೆ ತರಬಯಸುತ್ತೇನೆ.

ಆದ್ದರಿಂದ ಸದರಿ ಮೀನನ್ನು ಹುಡುಕಿಸಿ, ಕೃಷ್ಣಪ್ರಸಾದ್ ಅವರ ಸಮೇತ ಜೀವಂತವಾಗಿ ತುಮರಿಗೆ ಕಳುಹಿಸಿ, ನನ್ನ ತಾಯಿಯ ಎದುರು ಸಾಕ್ಷಿ ಹೇಳಿಸಬೇಕಾಗಿ ಕೋರುತ್ತೇನೆ. ಸಾಕ್ಷಿ ಮುಗಿದ ಮೇಲೆ ಅದನ್ನು ಮತ್ತೆ ಬಿಡುವ ಬಗ್ಗೆ ಮಾತ್ರ ಭರವಸೆ ಕೊಡಲಾರೆ.

ಬರಿಗೈಯಲ್ಲಿ ಮನೆಗೆ ಬಂದ
ತಮ್ಮ ವಿಶ್ವಾಸಿ,
ಲಿಖಿತ್

ತಾ.ಕ.: ಇವತ್ತು ಬೆಳಿಗ್ಗೆ ಸೌಜನ್ಯ ತವರಿನಿಂದ ಮೀನುಸಾರಿನ ಸ್ಟೇಟಸ್ ಹಾಕಿದ್ದಾಳೆ. ತಾಯಿ ಅದನ್ನು ದೊಡ್ಡದು ಮಾಡಿಸಿ ನೋಡಿ, ತಮ್ಮ ಫೋಟೋದ ಪಕ್ಕದಲ್ಲಿಟ್ಟು, ಬಾಲದ ಗುರುತು ಹಿಡಿದಿದ್ದಾರೆ. ತಮ್ಮ ಮೀನು ಇನ್ನೂ ನೀರಿನಲ್ಲಿಯೇ ಇದೆಯೇ ಎಂದು ದಯವಿಟ್ಟು ಒಮ್ಮೆ ನೋಡಿ ತಿಳಿಸಿ. ಈಗ ನನಗೂ ಅನುಮಾನ ಶುರುವಾಗಿದೆ.