ಸೊಂಟದ ಕ್ಲಚ್ಚು

ಗಾಳೆಮ್ಮ ಮಿರ್ಚಿ ಬಜ್ಜಿಯ ಹಿಟ್ಟು ಕಲಸುವುದನ್ನು ಅರ್ಧಕ್ಕೇ ಬಿಟ್ಟು ಬೊಬ್ಬೆ ಹಾಕಿದಳು.

"ಏ ಹೇಮಪ್ಪಾ, ಓಡಿ ಬಾರೋ! ಸಾವಕಾರ್ರ ಕಾರು ಯಾವುದರದೋ ಜೀವ ತಗೊಂಡೈತಿ! ಬುಡಕ ರಗತ ಬಿದ್ದೈತಿ!"

ಗಂಗಾವತಿಯ ವಿರುಪಣ್ಣ ಸಾವಕಾರರ ಅಕ್ಕಿ ಗಿರಣಿಯ ಎದುರಿಗೇ ಗಾಳೆಮ್ಮನ ಮಿರ್ಚಿ ಅಂಗಡಿ. ಗಿರಣಿಯೊಳಗೆ ಯಾರು ಸೀನಿದರೂ ಊರಿಗೆ ಮೊದಲ ಸುದ್ದಿ ಅವಳಿಂದಲೇ ಹೋಗಬೇಕು. ಆ ಮುಂಜಾನೆ ಗೇಟಿನ ಬಳಿ ನಿಂತಿದ್ದ ಸಾವಕಾರರ ಉದ್ದನೆಯ ಫಾರಿನ್ ಕಾರಿನ ಕೆಳಗೆ ಅಂಗೈಯಗಲದ ಕೆಂಪು ಕಲೆ ಬಿದ್ದಿತ್ತು. ಹಮಾಲರು ಚೀಲ ಇಳಿಸಿ ಬಂದು ಬಗ್ಗಿ ನೋಡಿದರು. ಒಬ್ಬ ನಾಯಿ ಎಂದ, ಇನ್ನೊಬ್ಬ ಕೋಳಿ ಎಂದ. ಹೆಣ ಮಾತ್ರ ಯಾರಿಗೂ ಸಿಗಲಿಲ್ಲ.

ಡ್ರೈವರ್ ಹೇಮಪ್ಪ ಬಂದು ಎಲ್ಲರನ್ನೂ ಗದರಿಸಿದ. "ಯಾವನೋ ಎಲಿ-ಅಡಿಕಿ ತಿಂದು ಉಗುಳ್ಯಾನ. ಅದಕ್ಕ ಇಷ್ಟು ಮಂದಿ ಕೂಡಬೇಕೇನ್ರಿ? ನಡೀರಿ, ನಡೀರಿ!" ಎಂದವನೇ ಒಂದು ಕೊಡ ನೀರು ಸುರಿದ. ಕಲೆ ಗಟಾರಕ್ಕೆ ಹರಿಯಿತು. ಕಾರಿನ ರೋಗ ತಿಳಿಯಲು ಇದ್ದ ಒಂದೇ ಗುರುತೂ ಅದರ ಹಿಂದೆಯೇ ಹೋಯಿತು.

ಈ ಹೇಮಪ್ಪನ ಡ್ರೈವರಿಕೆಯ ಒಳಗುಟ್ಟನ್ನು ಇಲ್ಲಿ ಹೇಳಿಬಿಡಬೇಕು. ಅವನು ಮೊದಲು ಅದೇ ಗಿರಣಿಯ ಹಮಾಲ. ಎಪ್ಪತ್ತಾರನೇ ಇಸವಿಯಲ್ಲಿ ಸಾವಕಾರರು ಹೈದರಾಬಾದಿನಿಂದ ಈ ಹಳೇ ಕಾರು ಕೊಂಡು ತಂದಾಗ ಊರಿನ ಡ್ರೈವರುಗಳೆಲ್ಲ ಒಳಗೆ ಇಣುಕಿ, "ಇದಕ್ಕ ಕ್ಲಚ್ಚ ಇಲ್ಲಲ್ರೀ!" ಎಂದು ಹಿಂದೆ ಸರಿದರು. ಕಾರು ತಂದುಬಿಟ್ಟ ಮುದುಕ ಡ್ರೈವರು, ತನಗೆ ಹೊಟ್ಟೆ ತುಂಬ ಮಿರ್ಚಿ ಕೊಡಿಸಿದ ಹೇಮಪ್ಪನ ಕಿವಿಯಲ್ಲಿ ಮಾತ್ರ ಗುಟ್ಟು ಉಸುರಿ ಹೋದ. ಗೇರಿನ ಹಿಡಿಕೆ ಎಳೆದು ಒಂದು ಪೆಡಲ್ ಒತ್ತಿದರೆ ಹೋಗುತ್ತದೆ, ಇನ್ನೊಂದನ್ನು ಒತ್ತಿದರೆ ನಿಲ್ಲುತ್ತದೆ, ಗೇರನ್ನು ಗಾಡಿಯೇ ಬದಲಿಸಿಕೊಳ್ಳುತ್ತದೆ. ಅಷ್ಟೇ. ಹೇಮಪ್ಪ ಒಂದೇ ಮಧ್ಯಾಹ್ನದಲ್ಲಿ ಡ್ರೈವರನಾದ. ಲೈಸೆನ್ಸ್ ಕೊಡಲು ಬಂದ ಬ್ರೇಕ್ ಇನ್ಸ್‌ಪೆಕ್ಟರು ಹಿಂದಿನ ಸೀಟಿನ ಮೆತ್ತನೆಯ ಗಾದಿಯಲ್ಲಿ ನಿದ್ದೆ ಹೋಗಿ, ಎದ್ದ ಕೂಡಲೇ ಪಾಸು ಮಾಡಿದರು.

ಆದರೆ ಕ್ಲಚ್ಚಿರುವ ಗಾಡಿಯನ್ನು ಹೇಮಪ್ಪ ಒಂದು ಮಾರು ದೂರವೂ ಓಡಿಸಲಾರ. ಇದು ತಿಳಿದರೆ ಮತ್ತೆ ಬೆನ್ನ ಮೇಲೆ ಭತ್ತದ ಚೀಲ. ಅದಕ್ಕೇ, ಕ್ಲಚ್ ಎಲ್ಲೈತಿ ಎಂದು ಕೇಳಿದವರಿಗೆಲ್ಲ, "ಸೀಟಿನ ಒಳಗ ಐತಿ. ಫಾರಿನ್ ಗಾಡಿಯಾಗ ಸೊಂಟದಿಂದ ಒತ್ತಬೇಕು" ಎಂದು ಹೇಳಿಬಿಟ್ಟಿದ್ದ. ಹೇಳಿದ ಮೇಲೆ ಮಾಡಿಯೂ ತೋರಿಸಬೇಕಲ್ಲ! ಅಂದಿನಿಂದ ಕಾರು ಹೊರಡುವಾಗೆಲ್ಲ ಸೊಂಟವನ್ನು ಬೀಸುವ ಕಲ್ಲಿನಂತೆ ತಿರುವುತ್ತಿದ್ದ. ಸಾವಕಾರರ ಹೆಂಡತಿ ಶಾಂತಕ್ಕ ಮರುಕಪಟ್ಟು, ತಿಕ್ಕಿಕೊಳ್ಳಲೆಂದು ಅವನಿಗೆ ಒಳ್ಳೆಣ್ಣೆ ಕೊಡುತ್ತಿದ್ದಳು.

ಅಂದು ಸಾವಕಾರರು ಮಗಳಿಗೆ ನೋಡಿದ್ದ ವರನ ಮನೆಗೆ, ಕೊಪ್ಪಳಕ್ಕೆ, ಮಾತು ಮುಗಿಸಲು ಹೋಗುವವರಿದ್ದರು. ಪೆಟ್ರೋಲ್ ಹಾಕಿಸಿಕೊಂಡು ಬರಲು ಹೊರಟ ಹೇಮಪ್ಪ ಕಾಲುವೆಯ ಏರಿ ಹತ್ತಿಸುವಾಗ ಕಾರು ಮೊಂಡು ಹಿಡಿಯಿತು. ಪೆಡಲ್ ಒತ್ತಿದರೆ ಎಂಜಿನ್ ಆಕಾಶ ಹರಿಯುವಂತೆ ಒದರುತ್ತದೆ, ಗಾಲಿ ಮಾತ್ರ ಮಾವನ ಮನೆಯಲ್ಲಿ ಊಟಕ್ಕೆ ಕೂತ ಹೊಸ ಅಳಿಯನಂತೆ ನಿಧಾನ. ಕಡೆಗೆ ನಿಂತೇಬಿಟ್ಟಿತು. ಗಾಬರಿಯಲ್ಲಿ ಹಿಡಿಕೆಯನ್ನು ಅತ್ತ ಇತ್ತ ಎಳೆದಾಗ ಹಿಂದಕ್ಕೆ ಮಾತ್ರ ಸಲೀಸಾಗಿ ಹೋಯಿತು. ಹೋಗುವುದೇ ಹಿಂದಕ್ಕೆ ಎಂದ ಮೇಲೆ ಹೇಮಪ್ಪ ಕತ್ತು ತಿರುಗಿಸಿಕೊಂಡು ಇಡೀ ಬಜಾರಿನ ಮೂಲಕ ಗಿರಣಿಯತ್ತ ಹೊರಟ.

"ಯಾಕಪಾ ಹೇಮಪ್ಪಾ, ಊರ ಮ್ಯಾಲ ಸಿಟ್ಟಾಗಿ ಬೆನ್ನು ತೋರಿಸಿಗೋಂತ ಹೊಂಟಿಯೇನು?" ಎಂದು ಕಿರಾಣಿ ಅಂಗಡಿಯವನು ಕೂಗಿದ.

ಗಿರಣಿಯ ಅಂಗಳದಲ್ಲಿ ಕುದಿಸಿದ ಭತ್ತ ಒಣಹಾಕಿದ್ದರು. ಹಿಮ್ಮುಖವಾಗಿ ನುಗ್ಗಿದ ಕಾರು ಅದರ ಮೇಲೇ ಬಂದು ನಿಂತಿತು. ಭತ್ತವನ್ನು ಕಾಲಿನಿಂದ ಆಡಿಸುತ್ತಿದ್ದ ಹೆಂಗಸರು ಹೇಮಪ್ಪನ ಮನೆತನವನ್ನೆಲ್ಲ ನೆನೆದು ಹರಸಿದರು.

ಗಲಾಟೆ ಕೇಳಿ ಸಾವಕಾರರು ಹೊರಗೆ ಬಂದರು. "ಏನಾತೋ?"

"ಜಾರಾಕತ್ತೈತ್ರಿ, ಸಾವಕಾರ್ರ."

"ಊಟದ ಹೊತ್ತಿಗೆ ರಿಪೇರಿ ಆಗಲಿಲ್ಲಂದ್ರ ಬಾಜೂ ಗಿರಣಿಯವರ ಜೀಪ್ ತರಸ್ತೀನಿ. ನೀನ ಹೊಡಿವಂತಿ. ಈ ಗಾಡಿ ಹೊಡಿಯಾವಗ ಜೀಪು ಯಾವ ಲೆಕ್ಕ?"

ಹೇಮಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಜೀಪೆಂದರೆ ಕ್ಲಚ್ಚು. ಕ್ಲಚ್ಚೆಂದರೆ ಭತ್ತದ ಚೀಲ.

ಗಿರಣಿಯ ಫಿಟ್ಟರ್ ಮದಾರಸಾಬ ಆಗಲೇ ಬೋಲ್ಟು ಬಿಗಿಯುವ ಪಾನಾ ಹಿಡಿದು ಬಂದಾಗಿತ್ತು. ಅವನಿಗೆ ತಿಳಿಯದ ಯಂತ್ರ ಲೋಕದಲ್ಲಿ ಇಲ್ಲ, ಅವನ ಮಾತಿನ ಪ್ರಕಾರ.

"ಜಾರ್ತೈತೇನು? ಹಂಗಾರ ಬೆಲ್ಟ್ ಪಟ್ಟಾದ್ದ ತ್ರಾಸು. ಗಿರಣಿ ಪಟ್ಟಾ ಜಾರಿದ್ರ ನಾವು ಏನು ಹಾಕ್ತೀವಿ? ರಾಳ! ಅಂಟಿನಂಗ ಹಿಡಕೋತೈತಿ. ಗಿರಣಿಯೇನು, ಕಾರೇನು, ಜಾರೋದೆಲ್ಲ ಒಂದಽ."

"ಮದಾರ ಚಾಚಾ, ಇದು ಬ್ಯಾರೆ ತರಾ..." ಎಂದ ಹೇಮಪ್ಪ.

"ಮೂವತ್ತು ವರ್ಷ ರಾಳ ಹಾಕೇನೋ ನಾನು! ನೀ ಸೊಂಟ ತಿರವು, ನಾ ನೋಡ್ತೀನಿ."

ಹೇಮಪ್ಪ ಸೊಂಟ ತಿರುವಿದ. ಮದಾರಸಾಬ ಬಾನೆಟ್ ಎತ್ತಿ ಪಟ್ಟಾ ಹುಡುಕಿದ. ಕಂಡದ್ದು ಫ್ಯಾನಿನ ಪಟ್ಟಾ ಒಂದೇ. ಅದಕ್ಕೇ ಮನಸಾರೆ ರಾಳ ಮೆತ್ತಿದ. ಕಾರು ಚಾಲೂ ಮಾಡಿದ ಕೂಡಲೇ ಹಿಡಿದೆಳೆದ ಹಂದಿಯಂಥ ಚೀತ್ಕಾರ ಎದ್ದಿತು. ಹೆಂಗಸರು ಕಿವಿ ಮುಚ್ಚಿಕೊಂಡರು. ಕಾರು ಒಂದು ಗೇಣೂ ಮುಂದೆ ಹೋಗಲಿಲ್ಲ.

ಅಷ್ಟರಲ್ಲಿ ಬಾಜೂ ಗಿರಣಿಯ ಜೀಪು ಬಂದೇಬಿಟ್ಟಿತು. ತಂದವನು ಕೀಲಿಯನ್ನು ಹೇಮಪ್ಪನ ಕೈಯಲ್ಲಿಟ್ಟ. ಊರೊಳಗಿನ ಮರ್ಯಾದೆ, ಇಸ್ತ್ರಿ ಮಾಡಿದ ಅಂಗಿ, ಹೆಂಡತಿ ಓಣಿಯಲ್ಲಿ "ನಮ್ಮವ್ರು ಡ್ರೈವರ್ ಅದಾರ" ಎಂದು ಹೇಳುವ ಠೀವಿ, ಎಲ್ಲ ಈಗ ಮುಗಿಯಿತು ಎಂದುಕೊಂಡು ಹೇಮಪ್ಪ ನಿಜಕ್ಕೂ ದುಃಖಪಟ್ಟ.

"ರಗತಾ! ಮತ್ತ ರಗತಾ!" ಗಾಳೆಮ್ಮ ಗೇಟು ದಾಟಿ ಒಳಗೇ ಬಂದಿದ್ದಳು. "ನಾ ಮುಂಜಾನಿಂದ ಬಡಕೋಳಾಕತ್ತೀನಿ, ಯಾರಾದ್ರೂ ಕೇಳ್ತೀರೇನು?"

ಕಾರಿನ ಕೆಳಗಿನ ಭತ್ತ ಕೆಂಪಾಗಿತ್ತು. ಮದಾರಸಾಬ ಬೆರಳಲ್ಲಿ ಮುಟ್ಟಿ ಮೂಸಿದ. ಎಣ್ಣೆ! ಎಂಜಿನ್ ಎಣ್ಣೆ ನೋಡುವ ಕಡ್ಡಿಯ ಹಿಂದೆ, ಯಾರೂ ಎಂದೂ ಮುಟ್ಟದ ಇನ್ನೊಂದು ಕಡ್ಡಿಯಿತ್ತು. ಎಳೆದರೆ ಒಣಗಿ ಕಮಟು ವಾಸನೆ ಹೊಡೆಯುತ್ತಿತ್ತು. ಗೇರಿನ ಪೆಟ್ಟಿಗೆಯ ಎಣ್ಣೆ ಪೂರಾ ಸೋರಿಹೋಗಿತ್ತು.

"ಎಣ್ಣಿ ಹಾಕೋಣು ಚಾಚಾ!" ಎಂದ ಹೇಮಪ್ಪ.

"ಹುಚ್ಚಾ, ಎಣ್ಣಿ ಬಿದ್ರ ಪಟ್ಟಾ ಇನ್ನಷ್ಟು ಜಾರ್ತೈತಿ!"

ಗಾಳೆಮ್ಮನಿಗೆ ತಡೆಯಲಾಗಲಿಲ್ಲ. "ನನ್ನ ಬಾಣಲಿಯಾಗ ಎಣ್ಣಿ ಕಡಿಮಿ ಆದ್ರ ನಾ ಎಣ್ಣಿ ಹಾಕ್ತೀನೋ, ರಾಳ ಹಾಕ್ತೀನೋ?"

ಮದಾರಸಾಬ ಗೊಣಗುತ್ತಲೇ ಕಾರಿನ ಕೆಳಗೆ ತೂರಿ ಪೆಟ್ಟಿಗೆಯ ಬುಡದಲ್ಲಿ ಸಡಿಲಾಗಿದ್ದ ಬೋಲ್ಟುಗಳನ್ನು ಬಿಗಿದ. ಆ ಕೆಂಪು ಎಣ್ಣೆ ಗಂಗಾವತಿಯಲ್ಲಿ ಎಲ್ಲಿ ಸಿಗಬೇಕು? ಟ್ರ್ಯಾಕ್ಟರಿನ ಹೈಡ್ರಾಲಿಕ್ ಎಣ್ಣೆಯ ಡಬ್ಬಿ ತಂದು, ದೇವರ ಮೇಲೆ ಭಾರ ಹಾಕಿ ಹೊಯ್ದರು. ಹೇಮಪ್ಪ ಹಿಡಿಕೆ ಎಳೆದು, ಕಣ್ಣು ಮುಚ್ಚಿ, ಸೊಂಟ ತಿರುವಿದ. ಕಾರು ಒಮ್ಮೆ ಬಿಕ್ಕಳಿಸಿ ಮುಂದಕ್ಕೆ ಹೊರಟಿತು. ಹಮಾಲರು ಸಿಳ್ಳೆ ಹೊಡೆದರು. ಹೇಮಪ್ಪ ಜೀಪಿನ ಕೀಲಿಯನ್ನು ಕೆಂಡ ಎಸೆದಂತೆ ವಾಪಸ್ ಎಸೆದ.

ಕೊಪ್ಪಳದ ದಾರಿಯುದ್ದಕ್ಕೂ ಹೇಮಪ್ಪ ಸಂತೋಷದಿಂದ, ಬೇಕಿಲ್ಲದ ಕಡೆಯೆಲ್ಲ ಸೊಂಟ ತಿರುವಿದ. ಹಿಂದೆ ಕೂತಿದ್ದ ಸಾವಕಾರರೂ ಶಾಂತಕ್ಕನೂ ಅದನ್ನು ನೋಡಿ ನೋಡಿ ನಿಟ್ಟುಸಿರು ಬಿಟ್ಟರು.

ವರನ ತಂದೆ ಗವಿಸಿದ್ದಪ್ಪನವರ ಮನೆಯಲ್ಲಿ ಮಾತು ಹೂವೆತ್ತಿದಷ್ಟು ಹಗುರಾಗಿ ಮುಗಿಯಿತು. ಹೇಮಪ್ಪ ಕಟ್ಟೆಯ ಮೇಲೆ ಕೂತು ಹೋಳಿಗೆ ಮುಗಿಸುವಷ್ಟರಲ್ಲಿ ಸಾವಕಾರರು ನಗುತ್ತ ಹೊರಗೆ ಬಂದರು.

"ಹೇಮಪ್ಪಾ, ನಿನ್ನ ಸೊಂಟ ನೋಡಿ ನಮ್ಮಾಕಿ ದಾರಿತುಂಬ ಕಣ್ಣೀರು ಹಾಕ್ಯಾಳ. ಬೀಗರಿಗೆ ಈ ಕಾರ ಮ್ಯಾಲೆ ಭಾಳ ಮನಸ್ಸೈತಿ. ಅದಲ ಬದಲ ಮಾಡಿಕೊಂಡ್ವಿ. ಅವರ ಅಂಬಾಸಿಡರ್ ನಮಗ. ಇನ್ನ ನಿನಗ ಆರಾಮ ಆತು ನೋಡು!"

ಹೇಮಪ್ಪ ಕಟ್ಟೆಯಿಂದ ಜಿಗಿದ. "ಬ್ಯಾಡ್ರಿ ಸಾವಕಾರ್ರ, ನನ್ನ ಸೊಂಟಕ್ಕ ಏನೂ ಆಗಿಲ್ರಿ! ಅವರ ಡ್ರೈವರಗ ಇದು ಬರಂಗಿಲ್ರಿ!"

ಬೀಗರ ಡ್ರೈವರ್ ರಾಜಾಸಾಬ ಆಗಲೇ ಫಾರಿನ್ ಕಾರಿನೊಳಗೆ ಕೂತಾಗಿತ್ತು. ಸೊಂಟದ ಸಂಗತಿಯನ್ನು ಸಾವಕಾರರೇ ಅವನಿಗೆ ತಿಳಿಸಿದ್ದರು. ಅವನು ಹಲ್ಲು ಕಚ್ಚಿ, ಹಿಡಿಕೆ ಎಳೆದು, ಪೆಡಲ್ ಒತ್ತಿ ಸೊಂಟ ತಿರುವಿದ. ಕಾರು ಬೆಣ್ಣೆಯಂತೆ ಹೊರಟಿತು.

"ಬಂತ್ರೀ! ಕ್ಲಚ್ ಹತ್ತಿತ್ರೀ!" ಎಂದು ಕೂಗುತ್ತ ಓಣಿ ತಿರುಗಿ ಕಣ್ಮರೆಯಾದ.

ಇತ್ತ ಅಂಬಾಸಿಡರಿನ ಹಿಂದಿನ ಸೀಟಿನಲ್ಲಿ ಸಾವಕಾರರೂ ಶಾಂತಕ್ಕನೂ ಕೂತರು. ಬೀಳ್ಕೊಡಲು ಬೀಗರ ಮನೆಮಂದಿಯೆಲ್ಲ ಬಾಗಿಲಲ್ಲಿ ಸಾಲಾಗಿ ನಿಂತರು.

"ಹೊಡಿಯಪಾ," ಎಂದರು ಸಾವಕಾರರು ಅಂತಃಕರಣದಿಂದ. "ಇದರದು ಕ್ಲಚ್ ಕಾಲ ಬುಡಕ ಐತಿ, ಕಣ್ಣಿಗೆ ಕಾಣ್ತೈತಿ."

ಹೇಮಪ್ಪ ಬಗ್ಗಿ ನೋಡಿದ. ಪೆಡಲ್ ಮೂರಿದ್ದವು. ಬೇರೆ ದಾರಿ ಕಾಣದೆ ಸೊಂಟ ತಿರುವಿದ. ಕಾರು ಮಿಸುಕಲಿಲ್ಲ.