ರಾಕ್ಷಸರ ನಾಲ್ಕು ನಿಮಿಷದ ಭಾಷಣವನ್ನು ಕಡಿತಗೊಳಿಸದಿರುವ ಕುರಿತು

ಇಂದ,
ಟಪಾಲು ವಿಭಾಗದ ಮೇಲ್ವಿಚಾರಕಿ (ಆಟದಲ್ಲಿ: ಕತ್ತಿ),
ಹಾಗೂ ಆಕೆಯ ಪತಿ, ಮುದ್ರಣಾಲಯದ ಮೆಷಿನ್‌ಮನ್ (ಆಟದಲ್ಲಿ: ಗುರಾಣಿ),
ಹಾಲ್‌ನ ಮೂಲೆಯ ಮೇಜು, ಹೊಲಿಗೆ ಯಂತ್ರದ ಪಕ್ಕ.

ಗೆ,
ಮಾನ್ಯ ಮಹಾರಾಕ್ಷಸರು,
ಕರಿಕೋಟೆ, ಕೊನೆಯ ಹಂತ,
ನಮ್ಮ ಹಳೆಯ ಕಂಪ್ಯೂಟರ್‌ನ ಒಳಗೆ.

ವಿಷಯ: ತಮ್ಮ ಭಾಷಣವನ್ನು ಒಂದು ನಿಮಿಷಕ್ಕೆ ಇಳಿಸಬೇಕೆಂದು ಕೋರಿದ್ದ ನನ್ನ ಹಿಂದಿನ ಅರ್ಜಿಯನ್ನು ವಾಪಸ್ ಪಡೆದು, ಭಾಷಣವನ್ನು ಯಥಾಪ್ರಕಾರ ಮುಂದುವರಿಸುವಂತೆ ಹಾಗೂ ತಾವು ಸಾಯದೇ ಇರುವಂತೆ ಪ್ರಾರ್ಥನೆ.

ಉಲ್ಲೇಖ: 1. ಇದೇ ವಿಷಯಕ್ಕೆ ತದ್ವಿರುದ್ಧವಾದ ನನ್ನ ಹಿಂದಿನ ಅರ್ಜಿ. (ಸದರಿ ಅರ್ಜಿಯ ಹಿಂಬದಿಯಲ್ಲಿ ಸೋಪು, ಸೆಲ್ಲು, ಟೂತ್‌ಬ್ರಷ್ ಎಂದು ಪಟ್ಟಿ ಬರೆದುಕೊಂಡು ನನ್ನ ಪತಿಯವರು ಅಂಗಡಿಗೆ ಹೋಗಿದ್ದರಿಂದ ಅದು ತಮ್ಮನ್ನು ತಲುಪಿರಲಿಕ್ಕಿಲ್ಲ. ತಲುಪದಿದ್ದುದೇ ಒಳ್ಳೆಯದಾಯಿತು.)
2. ಕಳೆದ ಶನಿವಾರ ಸಂಜೆ 4.51ಕ್ಕೆ ತಾವು ನಮ್ಮಿಬ್ಬರನ್ನೂ ಕೊಂದಿರುವುದು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ತಾವು ಕಳೆದ ಹನ್ನೆರಡು ಶನಿವಾರಗಳಲ್ಲಿ ನಮ್ಮನ್ನು ಒಟ್ಟು ಮೂವತ್ತಮೂರು ಬಾರಿ ಸುತ್ತಿಗೆಯಿಂದ ಚಚ್ಚಿ ಕೊಂದಿರುತ್ತೀರಿ. ಈ ಬಗ್ಗೆ ನಮ್ಮ ಕಡೆಯಿಂದ ಯಾವುದೇ ತಕರಾರು ಇರುವುದಿಲ್ಲ. ಕೆಳಗಿನ ಅಂಶಗಳನ್ನು ಮಾತ್ರ ಸಹಾನುಭೂತಿಯಿಂದ ಪರಿಶೀಲಿಸಬೇಕಾಗಿ ವಿನಂತಿ.

1. ನಾನು ಮತ್ತು ನನ್ನ ಪತಿ ಮದುವೆಯಾದ ಹೊಸತರಲ್ಲಿ ಒಂದೇ ಕೀಬೋರ್ಡ್ ಮೇಲೆ ಇಬ್ಬರೂ ಕೈಯಿಟ್ಟು ಈ ಆಟ ಆಡುತ್ತಿದ್ದೆವು. ಎಡಗಡೆಯ ಕೀಗಳು ಅವರವು, ಅಂದರೆ ಗುರಾಣಿ. ಬಲಗಡೆಯವು ನನ್ನವು, ಅಂದರೆ ಕತ್ತಿ. ಮನೆಗೆ ಬಂದ ನೆಂಟರು ಇದೇನು ಇಬ್ಬರೂ ಹಾರ್ಮೋನಿಯಂ ಕಲಿಯುತ್ತಿದ್ದೀರಾ ಎಂದು ಕೇಳಿದ್ದೂ ಉಂಟು. ತಮ್ಮ ಕೋಟೆಯ ಬಾಗಿಲವರೆಗೆ ಬಂದು, ಆಟವನ್ನು ಸೇವ್ ಮಾಡಿ, ನಾಳೆ ನೋಡಿಕೊಳ್ಳೋಣ ಎಂದು ಎದ್ದೆವು. ಅಂದು ರಾತ್ರಿ ನನಗೆ ಹೆರಿಗೆ ನೋವು ಬಂತು. ಆ ನಾಳೆ ಬರಲು ಹದಿಮೂರು ವರ್ಷ ಹಿಡಿಯಿತು. ತಮ್ಮನ್ನು ಅಷ್ಟು ಕಾಲ ಬಾಗಿಲಲ್ಲಿ ಕಾಯಿಸಿದ್ದಕ್ಕೆ ಕ್ಷಮೆ ಇರಲಿ.

2. ಈ ಅವಧಿಯಲ್ಲಿ ಕಂಪ್ಯೂಟರನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಬೀರುವಿನ ಮೇಲೆ ಇಡಲಾಗಿತ್ತು. ನಮ್ಮಿಬ್ಬರನ್ನೂ ಹೆಚ್ಚುಕಡಿಮೆ ಹಾಗೆಯೇ ಇಡಲಾಗಿತ್ತು. ನಾನು ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ ಆರಕ್ಕೆ ವಾಪಸ್. ಅವರು ಬರುವುದು ಎಂಟಕ್ಕೆ. ನಡುವೆ ಮಗಳ ಹೋಮ್‌ವರ್ಕು, ಅತ್ತೆಯವರ ಮಾತ್ರೆ, ಬಟ್ಟೆ, ಪಾತ್ರೆ. ನಮ್ಮ ಮಾತುಕತೆಯೆಲ್ಲ ಫ್ರಿಜ್ ಬಾಗಿಲಿಗೆ ಅಂಟಿಸಿದ ಚೀಟಿಯಲ್ಲೇ ಮುಗಿಯುತ್ತಿತ್ತು. ನಮ್ಮ ಕಚೇರಿಯಲ್ಲಿ ಒಂದು ವಿಭಾಗದಿಂದ ಇನ್ನೊಂದು ವಿಭಾಗಕ್ಕೆ ಹೋಗುವ ಟಿಪ್ಪಣಿಗಳಲ್ಲೂ ಇದಕ್ಕಿಂತ ಹೆಚ್ಚು ಆತ್ಮೀಯತೆ ಇರುತ್ತದೆ.

3. ಈ ವರ್ಷ ಮಗಳ ಶಾಲೆಯ ಪ್ರಾಜೆಕ್ಟಿಗೆ ಹಳೆಯ ಫೋಟೋಗಳು ಬೇಕಾದ ಕಾರಣ ಸದರಿ ಕಂಪ್ಯೂಟರನ್ನು ಕೆಳಗಿಳಿಸಲಾಯಿತು. ಅದು ಕೆಮ್ಮಿ, ಕ್ಯಾಕರಿಸಿ, ಆರು ನಿಮಿಷ ತೆಗೆದುಕೊಂಡು ಎದ್ದಿತು. ಫೋಟೋಗಳ ಪಕ್ಕದಲ್ಲೇ ತಮ್ಮ ಕೋಟೆಯ ಗುರುತು ಇತ್ತು. ಮಗಳು ಅದನ್ನು ಒತ್ತಿ, "ಅಯ್ಯೋ ಅಮ್ಮಾ, ಇದು ಗೇಮಾ? ಎಲ್ಲರ ಮುಖಾನೂ ಇಟ್ಟಿಗೆ ಥರ ಇದೆ!" ಎಂದು ನಕ್ಕಳು. ನನ್ನ ಪತಿಯವರು ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು ನೋಡಿದರು. "ಇನ್ನೂ ಬದುಕಿದಾನಾ ಇವನು?" ಎಂದರು. ಏಕವಚನದ ಬಗ್ಗೆ ಅವರ ಪರವಾಗಿ ನಾನು ವಿಷಾದಿಸುತ್ತೇನೆ. ಆದರೆ ಅವರು ಅಷ್ಟು ಖುಷಿಯಿಂದ ಮಾತಾಡಿದ್ದನ್ನು ನಾನು ಕೇಳಿ ವರ್ಷಗಳೇ ಆಗಿದ್ದವು.

4. ಸಮಯದ ಲಭ್ಯತೆ ಕುರಿತು: ನಮಗೆ ವಾರಕ್ಕೆ ನಲವತ್ತೈದು ನಿಮಿಷ ಮಾತ್ರ ಬಿಡುವು. ಶನಿವಾರ ಸಂಜೆ 4.10ಕ್ಕೆ ಮಗಳು ಈಜು ತರಗತಿಗೆ ಹೋಗುತ್ತಾಳೆ, ಅತ್ತೆಯವರು ಪಕ್ಕದ ಮನೆಯವರ ಜೊತೆ ವಾಕಿಂಗ್ ಹೋಗುತ್ತಾರೆ. 4.55ಕ್ಕೆ ಇಬ್ಬರೂ ಹಸಿದುಕೊಂಡು ಬರುತ್ತಾರೆ. ಈ ನಲವತ್ತೈದರಲ್ಲಿ ಕಂಪ್ಯೂಟರ್ ಏಳಲು ಆರು ನಿಮಿಷ, ತಮ್ಮ ಮುರುಕು ಸೇತುವೆ ದಾಟಲು ಹನ್ನೆರಡು ನಿಮಿಷ. ನಂತರ ತಾವು ಸಿಂಹಾಸನದಿಂದ ಎದ್ದು ಭಾಷಣ ಆರಂಭಿಸುತ್ತೀರಿ. ತಮ್ಮ ಬಡತನದ ಬಾಲ್ಯ, ತಮ್ಮ ಸಹೋದರನ ದ್ರೋಹ, ಲೋಕವನ್ನು ಸುಟ್ಟು ಬೂದಿ ಮಾಡುವ ತಮ್ಮ ಮುಂದಿನ ಯೋಜನೆಗಳು, ಎಲ್ಲ ಸೇರಿ ನಾಲ್ಕು ನಿಮಿಷ. ಸತ್ತು ಮತ್ತೆ ಬಂದರೆ ಮತ್ತೆ ಮೊದಲಿನಿಂದ ಅದೇ ಭಾಷಣ. ಒಮ್ಮೆ ಅತ್ತೆಯವರು ಬೇಗ ಬಂದು ಬಾಗಿಲಲ್ಲೇ ನಿಂತು, "ಯಾರೇ ಅದು, ಇಷ್ಟು ಹೊತ್ತು ಅರಚ್ಕೊಳ್ತಿರೋದು? ಎಲೆಕ್ಷನ್ ಬಂತಾ?" ಎಂದು ವಿಚಾರಿಸಿದರು. ಆದ್ದರಿಂದ, ಮತ್ತು ಕೇವಲ ಆದ್ದರಿಂದ, ನಾನು ಉಲ್ಲೇಖ 1ರ ಅರ್ಜಿಯನ್ನು ಬರೆದಿದ್ದೆ.

5. ತಮ್ಮ ಯುದ್ಧ ಪದ್ಧತಿ ತಮಗೆ ತಿಳಿದದ್ದೇ. ಕೋಟೆಯ ತುಂಬ ಹೊಗೆ, ಕಣ್ಣಿಗೆ ಏನೂ ಕಾಣದು. ತಾವು ಎಡಗಡೆಯಿಂದ ಬರುವುದಾದರೆ ಎಡ ಸ್ಪೀಕರಿನಲ್ಲಿ ಗರ್ಜಿಸುತ್ತೀರಿ, ಬಲದಿಂದಾದರೆ ಬಲ ಸ್ಪೀಕರಿನಲ್ಲಿ. ಗರ್ಜನೆ ಕೇಳಿದ ಕೂಡಲೇ ಆ ಕಡೆಗೆ ಗುರಾಣಿ ಎತ್ತಬೇಕು. ಬಲಗಡೆ ನನ್ನ ಪತಿಯವರು ಚಕ್ ಎಂದು ಎತ್ತುತ್ತಿದ್ದರು. ಎಡಗಡೆ ಮಾತ್ರ ಪ್ರತಿ ಸಲವೂ ಸುಮ್ಮನೆ ಕೂತಿರುತ್ತಿದ್ದರು. ನಾವು ಸತ್ತಿದ್ದೆಲ್ಲವೂ ಎಡಗಡೆಯಿಂದಲೇ. ಕಡತ ನೋಡಬಹುದು.

6. ಒಂಬತ್ತನೇ ಶನಿವಾರ, ಇಪ್ಪತ್ತೇಳನೇ ಸಾವು ಮುಗಿಸಿ ಮತ್ತೆ ತಮ್ಮ ಭಾಷಣ ಆರಂಭವಾದಾಗ ನನ್ನ ತಾಳ್ಮೆ ಕೆಟ್ಟಿತು. ಆ ಸಂಭಾಷಣೆಯನ್ನು ಇದ್ದುದು ಇದ್ದ ಹಾಗೆ ದಾಖಲಿಸುತ್ತಿದ್ದೇನೆ.

"ರೀ, ಎಡಗಡೆ ಅಷ್ಟು ಜೋರಾಗಿ ಗರ್ಜಿಸ್ತು, ಕೇಳಿಸ್ಲಿಲ್ವಾ? ಕಿವಿ ಎಲ್ಲಿಟ್ಟಿದ್ರಿ?"

"ಕೇಳಿಸ್ಲಿಲ್ಲ."

"ಅದೇ, ಯಾಕೆ ಅಂತ ಕೇಳ್ತಿದೀನಿ."

ತಾವು ಬಾಲ್ಯದ ಭಾಗ ಮುಗಿಸಿ ಸಹೋದರನ ದ್ರೋಹಕ್ಕೆ ಬಂದಿದ್ದಿರಿ. ನನ್ನ ಪತಿಯವರು ಪರದೆಯನ್ನೇ ನೋಡುತ್ತಾ ಹೇಳಿದರು: "ಆ ಕಿವಿ ಹೋಗಿ ಮೂರು ವರ್ಷ ಆಯ್ತು ಕಣೇ. ಪ್ರೆಸ್ಸಲ್ಲಿ ದೊಡ್ಡ ಮೆಷಿನ್ನು ನನ್ನ ಎಡಕ್ಕೇ ಇರೋದು. ಇಪ್ಪತ್ತು ವರ್ಷ ಅದರ ಪಕ್ಕದಲ್ಲೇ ನಿಂತಿದೀನಲ್ಲ."

"ಮೂರು ವರ್ಷ! ಹೇಳೋದಲ್ವಾ?"

"ಹೇಳಿದ್ರೆ ಮೆಷಿನ್ ಹತ್ರ ಬಿಡಲ್ಲ, ಪ್ಯಾಕಿಂಗಿಗೆ ಹಾಕ್ತಾರೆ ಅಂತ ಭಯ ಆಯ್ತು. ಆಮೇಲೆ, ನೀನು ಬೈಯೋದು ಅರ್ಧ ಕೇಳಿಸ್ತಿರ್ಲಿಲ್ಲ. ಅದೊಂದು ಅನುಕೂಲ ಅನ್ನಿಸ್ತು."

7. ಈ ಹೇಳಿಕೆಯ ಪರಿಣಾಮಗಳನ್ನು ತಮಗೆ ವಿವರಿಸುವುದು ಅಗತ್ಯ. ನಮ್ಮ ಊಟದ ಮೇಜಿನಲ್ಲಿ ನನ್ನ ಜಾಗ ಇವರ ಎಡಕ್ಕೆ. ಮಲಗುವುದು ಎಡಕ್ಕೆ. ಸಿಂಕಿನ ಮುಂದೆ ನಿಂತಾಗಲೂ ನಾನು ಎಡಕ್ಕೇ. ಮೂರು ವರ್ಷಗಳಿಂದ ನಾನು ಹೇಳಿದ್ದಕ್ಕೆ ಇವರು ಹೂಂ ಎಂದೂ ಅನ್ನುತ್ತಿರಲಿಲ್ಲ. ನನ್ನ ಮಾತೆಂದರೆ ಕಸ, ಮದುವೆ ಹಳತಾಯಿತು, ಇಷ್ಟೇ ಎಂದು ನಾನು ತೀರ್ಮಾನ ಮಾಡಿಕೊಂಡಿದ್ದೆ. ಅಕ್ಕನ ಹತ್ತಿರ ಅತ್ತಿದ್ದೆ. ಕೊನೆಕೊನೆಗೆ ಹೇಳುವುದನ್ನೇ ಬಿಟ್ಟಿದ್ದೆ. ಕಚೇರಿಯಲ್ಲಿ ಹೊಸ ಸಾಹೇಬರು ಎಲ್ಲರ ಮುಂದೆ ನನ್ನನ್ನು ನಿಲ್ಲಿಸಿ ಗದರಿದ್ದನ್ನೂ ಹೇಳಿರಲಿಲ್ಲ. ಹದಿನೈದು ವರ್ಷ ಟಪಾಲು ವಿಭಾಗದಲ್ಲಿ ಯಾವ ಪತ್ರ ಎಲ್ಲಿ ಕಳೆದುಹೋಯಿತೆಂದು ಪತ್ತೆ ಹಚ್ಚುವವಳು ನಾನು. ಮನೆಯಲ್ಲಿ ಮೂರು ವರ್ಷದ ಮಾತೆಲ್ಲ ತಪ್ಪು ಬಾಗಿಲಿಗೆ ಬಟವಾಡೆ ಆಗುತ್ತಿದ್ದುದು ನನಗೆ ತಿಳಿಯಲಿಲ್ಲ. ಕಂಪ್ಯೂಟರ್ ಮುಂದೆ ಮಾತ್ರ, ಕತ್ತಿಯ ಕೀಗಳ ದೆಸೆಯಿಂದ, ನಾನು ಇವರ ಬಲಕ್ಕೆ ಕೂರುತ್ತೇನೆ. ಅಲ್ಲಿ ಮಾತ್ರ ಇವರು ಉತ್ತರ ಕೊಡುತ್ತಿದ್ದರು. ಅದನ್ನು ಆಟದ ಮಹಿಮೆ ಎಂದುಕೊಂಡಿದ್ದೆ.

ಅಂದು ತಾವು ಲೋಕವನ್ನು ಸುಟ್ಟು ಬೂದಿ ಮಾಡುವುದಾಗಿ ಘೋಷಿಸುತ್ತಿದ್ದಾಗ ನಾನು ಬಿಕ್ಕಿ ಬಿಕ್ಕಿ ಅತ್ತಿದ್ದು ತಮ್ಮ ಘೋಷಣೆಯಿಂದ ಹೆದರಿ ಅಲ್ಲವೆಂದು ಈ ಮೂಲಕ ಸ್ಪಷ್ಟಪಡಿಸುತ್ತೇನೆ.

8. ತದನಂತರ ಕೈಗೊಂಡ ಕ್ರಮಗಳು: ಮಾರನೆಯ ದಿನವೇ ಊಟದ ಮೇಜಿನಲ್ಲಿ ಜಾಗ ಬದಲಾಯಿಸಲಾಯಿತು. ಅತ್ತೆಯವರು "ನನ್ನ ಜಾಗ ಯಾಕೆ ಕಿತ್ಕೊಂಡೆ?" ಎಂದು ಎರಡು ದಿನ ಮುಖ ಊದಿಸಿಕೊಂಡು, ಕಾರಣ ತಿಳಿದ ಮೇಲೆ ಮಗನ ಎಡಗಿವಿಯಲ್ಲಿ ಗಟ್ಟಿಯಾಗಿ ಬೈದು ಪರೀಕ್ಷೆ ಮಾಡಿದರು. ಕಿವಿ ವೈದ್ಯರನ್ನು ಕಾಣಲಾಗಿದೆ, ಕಿವಿಗೆ ಹಾಕುವ ಯಂತ್ರ ಬರಬೇಕಿದೆ. ಪ್ರೆಸ್ಸಿನಲ್ಲಿ ಹೇಳಿದಾಗ ಯಜಮಾನರು, "ನನಗೆ ಎರಡೂ ಕೇಳ್ಸಲ್ಲ, ಅದಕ್ಕೇನೀಗ?" ಎಂದರಂತೆ. ಆಟದ ವಿಷಯದಲ್ಲಿ, ಎಡಗಡೆ ಗರ್ಜನೆ ಕೇಳಿದ ಕೂಡಲೇ ನಾನು ಮೇಜಿನ ಕೆಳಗೆ ಇವರ ಪಾದವನ್ನು ನನ್ನ ಪಾದದಿಂದ ಒತ್ತುವುದು, ಇವರು ಗುರಾಣಿ ಎತ್ತುವುದು ಎಂದು ಒಪ್ಪಂದವಾಯಿತು. ಇದರಿಂದ ನಮ್ಮ ಸಾಮರ್ಥ್ಯದಲ್ಲಿ ಗಣನೀಯ ಪ್ರಗತಿ ಕಂಡುಬಂದಿದ್ದು, ತಾವೂ ಗಮನಿಸಿರಬಹುದು.

ಈ ನಡುವೆ ಮಗಳು ಒಂದು ಶನಿವಾರ ಈಜಿಗೆ ರಜೆ ಹಾಕಿ ನಮ್ಮ ಹಿಂದೆ ನಿಂತು, "ಎಸ್ಕೇಪ್ ಒತ್ತಿದ್ರೆ ಭಾಷಣ ಹಾರಿಸ್ಬಹುದು, ಅಷ್ಟೂ ಗೊತ್ತಿಲ್ವಾ ನಿಮಗೆ?" ಎಂದಳು. ನಮಗೆ ಗೊತ್ತಿರಲಿಲ್ಲ. ನಾನು ಗಾಬರಿಯಿಂದ ಇವರ ಮುಖ ನೋಡಿದೆ. ಇವರು ಬಲು ಗಂಭೀರವಾಗಿ, "ದೊಡ್ಡೋರು ಮಾತಾಡ್ತಿರುವಾಗ ಮಧ್ಯೆ ಬಾಯಿ ಹಾಕ್ಬಾರ್ದು, ಪುಟ್ಟಿ" ಎಂದರು. ಸದರಿ ಕೀಯನ್ನು ಇಂದಿನವರೆಗೂ ಬಳಸಲಾಗಿಲ್ಲ. ಏಕೆಂದರೆ ಆ ನಾಲ್ಕು ನಿಮಿಷ ನಮ್ಮ ನಾಲ್ಕೂ ಕೈಗಳಿಗೆ ಕೆಲಸವಿಲ್ಲ. ಕೈಗೆ ಕೆಲಸವಿಲ್ಲದೆ ನಾವಿಬ್ಬರೂ ಅಕ್ಕಪಕ್ಕ ಕೂರುವುದು ವಾರದಲ್ಲಿ ಆ ನಾಲ್ಕು ನಿಮಿಷ ಮಾತ್ರ. ಹೊಸ ಸಾಹೇಬರ ವಿಷಯ ಹೇಳಿದ್ದು ಆಗಲೇ. ಇವರು ಅವರಿಗೆ ಇಟ್ಟ ಅಡ್ಡಹೆಸರನ್ನು ಇಲ್ಲಿ ಬರೆಯುವಂತಿಲ್ಲ. ಸೋಮವಾರ ಅವರು ನನ್ನನ್ನು ಕರೆದಾಗ ಅದು ನೆನಪಾಗಿ ನಗು ತಡೆಯಲು ನಾನು ಕಡತದಲ್ಲಿ ಮುಖ ಮುಚ್ಚಿಕೊಳ್ಳಬೇಕಾಯಿತು.

9. ಈ ಅಂಶವು ಗೌಪ್ಯ. ಉಲ್ಲೇಖ 2ರ ದಿನ, ಅಂದರೆ ಕಳೆದ ಶನಿವಾರ, ತಮ್ಮ ಪ್ರಾಣ ಕೂದಲೆಳೆಯಷ್ಟು ಮಾತ್ರ ಉಳಿದಿತ್ತು. ಇನ್ನೊಂದೇ ಏಟು. ಆಗ ತಾವು ಎಡಗಡೆ ಗರ್ಜಿಸಿದಿರಿ. ನನಗೆ ಸ್ಪಷ್ಟವಾಗಿ ಕೇಳಿಸಿತು. ನಾನು ಇವರ ಕಾಲನ್ನು ಒತ್ತಲಿಲ್ಲ.

ಬೇಕೆಂದೇ ಒತ್ತಲಿಲ್ಲ. ತಾವು ಸತ್ತರೆ ಆಟ ಮುಗಿಯುತ್ತದೆ. ಆಟ ಮುಗಿದರೆ ಶನಿವಾರ 4.10ಕ್ಕೆ ಎರಡು ಕುರ್ಚಿ ಎಳೆದುಕೊಳ್ಳಲು ನಮಗೆ ಕಾರಣವೇ ಇರುವುದಿಲ್ಲ. ಸುಮ್ಮನೆ ಮಾತಾಡೋಣ ಬನ್ನಿ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ಅವರಿಗೂ ಬರುವುದಿಲ್ಲ. ಆ ಹೊತ್ತಿಗೆ ಅವರು ಗ್ಯಾಸ್ ಒಲೆ ಬಿಚ್ಚಿ ಕ್ಲೀನ್ ಮಾಡುತ್ತಾರೆ, ನಾನು ಇಸ್ತ್ರಿ ಹಾಕುತ್ತೇನೆ, ಮತ್ತೆ ಫ್ರಿಜ್ ಬಾಗಿಲಿನ ಚೀಟಿಗೇ ಬಂದು ನಿಲ್ಲುತ್ತೇವೆ. ನನಗೆ ಅದರ ಭಯ ತಮ್ಮ ಸುತ್ತಿಗೆಯ ಭಯಕ್ಕಿಂತ ದೊಡ್ಡದು. ಸತ್ತ ಮೇಲೆ ಇವರು "ಏನಾಯ್ತು?" ಎಂದು ಕೇಳಿದರು. "ಮರೆತೆ" ಎಂದೆ. ಹದಿನೈದು ವರ್ಷದ ಸೇವೆಯಲ್ಲಿ ಇದು ನಾನು ಹೇಳಿದ ಮೊದಲ ಸುಳ್ಳಲ್ಲವಾದರೂ, ನಾಚಿಕೆಯಾದದ್ದು ಇದಕ್ಕೇ.

ಆದ್ದರಿಂದ, ಮೇಲಿನ ಕಾರಣಗಳ ಹಿನ್ನೆಲೆಯಲ್ಲಿ, ಮಾನ್ಯರು ದೊಡ್ಡ ಮನಸ್ಸು ಮಾಡಿ, (ಅ) ಭಾಷಣವನ್ನು ನಾಲ್ಕು ನಿಮಿಷಕ್ಕೆ ಕಡಿಮೆಯಾಗದಂತೆ ಮುಂದುವರಿಸಬೇಕೆಂದೂ, ಸಹೋದರನ ದ್ರೋಹದ ಬಗ್ಗೆ ಇನ್ನಷ್ಟು ವಿವರಗಳಿದ್ದಲ್ಲಿ ಸೇರಿಸಬೇಕೆಂದೂ, (ಆ) ನಾವು ಕೈತಪ್ಪಿ ಗೆಲ್ಲುವ ಪ್ರಸಂಗ ಬಂದಲ್ಲಿ ತಾವು ಎಚ್ಚರ ವಹಿಸಿ ನಮ್ಮನ್ನು ಸಕಾಲದಲ್ಲಿ ಕೊಲ್ಲಬೇಕೆಂದೂ ಕೋರುತ್ತೇನೆ.

ಜಂಟಿ ಅರ್ಜಿಯಾದ ಕಾರಣ ನಿಯಮದಂತೆ ಸಹ ಅರ್ಜಿದಾರರ ಸಹಿ ಕಡ್ಡಾಯ. ಇದನ್ನು ಕೀಬೋರ್ಡಿನ ಕೆಳಗೆ ಅವರಿಗೆ ಕಾಣುವಂತೆ ಇಡಲಾಗುವುದು. ಮುದ್ರಣಾಲಯದವರು ಅಕ್ಷರ ನೋಡುತ್ತಾರೆಯೇ ಹೊರತು ಓದುವುದಿಲ್ಲವಾದ್ದರಿಂದ ಅಂಶ 9 ಅವರ ಕಣ್ಣಿಗೆ ಬೀಳಲಾರದು ಎಂದು ನಂಬಿದ್ದೇನೆ. ಬಿದ್ದರೂ ಸರಿ ಎಂದುಕೊಂಡೇ ಬರೆದಿದ್ದೇನೆ.

ವಂದನೆಗಳೊಂದಿಗೆ,

ಮೂವತ್ತಮೂರು ಬಾರಿ ತಮ್ಮ ಕೈಯಿಂದಲೇ ಹತಳಾಗಿಯೂ
ತಮ್ಮ ವಿಶ್ವಾಸಿಯಾಗಿ ಉಳಿದಿರುವ,
ಕತ್ತಿ
(ಸಹಿ)

ಲಗತ್ತುಗಳು:
1. ಈಜು ತರಗತಿಯ ವೇಳಾಪಟ್ಟಿ, ಒಂದು ಪ್ರತಿ.
2. ಕಿವಿ ವೈದ್ಯರ ವರದಿ, ಒಂದು ಪ್ರತಿ.
3. ಉಲ್ಲೇಖ 1ರ ಅರ್ಜಿ, ಸೋಪಿನ ಪಟ್ಟಿ ಸಮೇತ. (ಟೂತ್‌ಬ್ರಷ್ ಇನ್ನೂ ತಂದಿಲ್ಲ.)

ಸಹ ಅರ್ಜಿದಾರರ ಷರಾ (ಪೆನ್ಸಿಲಿನಲ್ಲಿ):

ಪೂರ್ತಿ ಓದಿದೆ. ಅಕ್ಷರ ದೋಷ ಇಲ್ಲ. (ಅ)ದಲ್ಲಿ "ನಾಲ್ಕು" ಹೊಡೆದು "ಹತ್ತು" ಎಂದು ತಿದ್ದಿದ್ದೇನೆ.

ಅಂಶ 9ರ ಬಗ್ಗೆ: ಎಡ ಸ್ಪೀಕರ್ ಗರ್ಜಿಸಿದರೆ ಮೇಜು ಅದುರುತ್ತೆ. ಮೆಷಿನ್ ಮೇಲೆ ಅಂಗೈ ಇಟ್ಟು ಎಲ್ಲಿ ಸಡಿಲ ಆಗಿದೆ ಅಂತ ಹೇಳೋ ಮನುಷ್ಯ ನಾನು, ಅಷ್ಟೂ ಗೊತ್ತಾಗಲ್ವಾ? ಅರ್ಜಿದಾರರು ಕಾಲು ಒತ್ತೋಕೆ ಶುರು ಮಾಡೋ ಮುಂಚೆ ಗೊತ್ತಾಗ್ತಿರಲಿಲ್ಲ, ನಿಜ. ಆಮೇಲೆ ಪ್ರತಿ ಸಲವೂ ಗೊತ್ತಾಗ್ತಿತ್ತು. ಕಳೆದ ಶನಿವಾರವೂ. ನಾನೂ ಗುರಾಣಿ ಎತ್ತಲಿಲ್ಲ.

ರಾಕ್ಷಸರಿಗೆ ನನ್ನದೂ ಇದೇ ಬೇಡಿಕೆ. ಸಹಿ ಹಾಕಿದ್ದೇನೆ. ಮೇಜಿನ ಅದುರು ತಿಳಿಯುತ್ತಲ್ಲ ಅಂತ ಅರ್ಜಿದಾರರು ಕಾಲು ಒತ್ತುವುದನ್ನು ಮಾತ್ರ ನಿಲ್ಲಿಸಬಾರದಾಗಿ ಕೋರಿಕೆ.

ಗುರಾಣಿ