ಅಳಿಯನ ಚಪ್ಪಲಿಯೂ ನನ್ನ ಕ್ಲಚ್ಚೂ

ಬಸ್ಸು ಓಡಿಸಿದವನಿಗೆ ಹೊಲಿಗೆ ಮಷೀನು ಯಾವ ಲೆಕ್ಕ? ಗೋಕಾಕದ ಒಂದು ಗುಜರಿ ಅಂಗಡಿಯ ಮುಂದೆ ನಿಂತು ಈ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಂಡೆ. ಉತ್ತರವನ್ನೂ ನಾನೇ ಕೊಟ್ಟುಕೊಂಡೆ. ಅಲ್ಲೇ ಎಡವಟ್ಟಾದದ್ದು!

ಮೂಡಲಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಫಲಕ ತೂಗುಹಾಕಿದೆ. ಅದರ ಮೇಲೆ 'ಅಪಘಾತರಹಿತ ಚಾಲಕ' ಎಂದು ಬರೆದಿದೆ. ನಾನು ನಿವೃತ್ತನಾದ ದಿನ ಶಲ್ಯ, ಹಾರ, ತೆಂಗಿನಕಾಯಿಯ ಜೊತೆ ಕೊಟ್ಟದ್ದು. ಕಬ್ಬು ತುಂಬಿದ ಟ್ರ್ಯಾಕ್ಟರುಗಳ ನಡುವೆ, ಸಂತೆಯ ಎಮ್ಮೆಗಳ ನಡುವೆ, ಮದುವೆಯ ಬ್ಯಾಂಡಿನವರ ನಡುವೆ ಬಸ್ಸು ನುಗ್ಗಿಸಿದ್ದೇನೆ. ಒಂದು ಕೋಳಿಗೂ ನನ್ನಿಂದ ನೋವಾಗಿಲ್ಲ. ಮನೆಗೆ ಬಂದವರೆಲ್ಲ ಈ ಫಲಕವನ್ನು ಓದಲೇಬೇಕು. ಓದದಿದ್ದರೆ ನಾನೇ ಓದಿ ಹೇಳುತ್ತೇನೆ.

ಇಂಥ ನಾನು ಗುಜರಿ ಅಂಗಡಿಗೆ ಹೋದದ್ದೇಕೆ ಎಂದರೆ, ಮಗಳು ಅಶ್ವಿನಿಯ ಮದುವೆ. ನಮ್ಮದು ಚಪ್ಪಲಿ ಹೊಲಿಯುತ್ತಿದ್ದ ಮನೆತನ. ಅಜ್ಜ ಹೊಲಿದ, ಅಪ್ಪ ಹೊಲಿದ, ನಾನು ಸ್ಟೇರಿಂಗ್ ಹಿಡಿದೆ. ಆದರೆ ಒಂದು ಪದ್ಧತಿ ಮಾತ್ರ ಉಳಿದಿತ್ತು. ನಮ್ಮ ಮನೆಯ ಅಳಿಯ ಅಕ್ಕಿಕಾಳಿಗೆ, ಅಂದರೆ ಅಕ್ಷತೆಗೆ, ನಿಲ್ಲಬೇಕಾದರೆ ನಮ್ಮ ಮನೆಯಲ್ಲೇ ಹೊಲಿದ ಚಪ್ಪಲಿ ಮೆಟ್ಟಿ ಮಂಟಪದವರೆಗೆ ನಡೆದು ಬರಬೇಕು. ಆ ಚಪ್ಪಲಿ ಹೆಜ್ಜೆಗೊಮ್ಮೆ ಕರ್ರ್ ಕರ್ರ್ ಎನ್ನಬೇಕು. ಸದ್ದು ಕೇಳಿ ಊರವರು ತಲೆ ಎತ್ತಿ ನೋಡಬೇಕು. ಸದ್ದಿಲ್ಲದ ಚಪ್ಪಲಿ ಕೊಟ್ಟರೆ ಹೆಣ್ಣಿನ ಕಡೆಯವರಿಗೆ ಅದು ಬಾಯಿಲ್ಲದ ಮರ್ಯಾದೆ.

ಅಪ್ಪನಿಗೆ ಈಗ ಕೈ ನಡುಗುತ್ತದೆ. ಹೀಗಿರುವಾಗ ನಿಶ್ಚಯದ ದಿನ ಬೀಗರು ಒಂದು ಮಾತಂದರು. ಬೀಗರೆಂದರೆ ಯಮಕನಮರಡಿಯ ಯಲ್ಲಪ್ಪನವರು. ಹೆದ್ದಾರಿಯಲ್ಲಿ ಲಾರಿ ಓಡಿಸಿ, ಈಗ ಸ್ವಂತದ ಲಾರಿ ಇಟ್ಟವರು. ಮೀಸೆ ದೊಡ್ಡದು, ಮಾತು ಚಿಕ್ಕದು, ನಗು ಇಲ್ಲವೇ ಇಲ್ಲ.

"ಈಗ ಯಾರ ಮನ್ಯಾಗ ಹೊಲಿತಾರ ಬಿಡ್ರಿ ಬೀಗ್ರ. ಅಂಗಡ್ಯಾಗಿಂದ ತಂದ ಕೊಡ್ರಿ. ನಡೀತೈತಿ."

ಆ 'ನಡೀತೈತಿ' ಎನ್ನುವುದು ನನ್ನ ಎದೆಗೆ ಮುಳ್ಳಿನ ಹಾಗೆ ನೆಟ್ಟಿತು. "ಹಂಗೆಂಗ ನಡೀತೈತ್ರಿ?" ಎಂದೆ. "ನಮ್ಮ ಮನ್ಯಾಗ ಹೊಲದ ಚಪ್ಪಲಿನ ಹಾಕ್ಕೊಂಡ ಬರ್ತಾನ ನಿಮ್ಮ ಮಗ. ನಾನ ಹೊಲಿತೇನಿ!" ಪಂಕ್ತಿಯಲ್ಲಿ ಕೂತವರೆಲ್ಲ ಹೋಳಿಗೆ ಬಿಟ್ಟು ನನ್ನನ್ನು ನೋಡಿದರು. ಅಶ್ವಿನಿ ಒಳಗಿನಿಂದ ಹಣೆ ಚಚ್ಚಿಕೊಂಡದ್ದು ನನಗೂ ಕಾಣಿಸಿತು.

ಆಡಿದ ಮಾತು ಉಳಿಸಿಕೊಳ್ಳಬೇಕಲ್ಲ! ಆದ್ದರಿಂದ ಮಷೀನು. ಒಂದು ಕಾಲದಲ್ಲಿ ಬಸ್ಸು ಲಾರಿಗಳ ಸೀಟು ಹೊಲಿಯುತ್ತಿದ್ದ ಹಳೆಯ ಕಾರ್ಖಾನೆ ಮಷೀನದು. ಕರ್ರಗೆ, ಭಾರವಾಗಿ, ಹೋರಿಯ ಹಾಗೆ ನಿಂತಿತ್ತು. ಕೆಳಗೆ ಮೋಟಾರು, ಕಾಲಿಗೆ ಅಗಲವಾದ ಕಬ್ಬಿಣದ ಹಲಗೆ. ಗುಜರಿಯವನು, "ಕಾಕಾ, ಇದು ಕ್ಲಚ್ ಮೋಟಾರ್ ಐತಿ, ಸಂಭಾಳ್ಸಿ ತುಳೀಬೇಕ ನೋಡ್ರಿ" ಎಂದ.

ನಾನು ನಕ್ಕೆ. ಕ್ಲಚ್ಚಿನ ವಿಷಯ ನನಗೆ ಹೇಳುತ್ತಾನೆ! ಮೀನಿಗೆ ಈಜು ಕಲಿಸಲು ಬಂದಿದ್ದಾನೆ!

ಟೆಂಪೊದಲ್ಲಿ ಅದು ಮನೆಗೆ ಬಂತು. ಒಳಗೆ ಹೋಗಲಿಲ್ಲ. ಅಡ್ಡ ಹಿಡಿದೆವು, ಉದ್ದ ಹಿಡಿದೆವು. ಕೊನೆಗೆ ಬಾಗಿಲನ್ನೇ ಚೌಕಟ್ಟಿನಿಂದ ಕಳಚಿ ಪಡಸಾಲೆಯಲ್ಲಿ, ಸರಿಯಾಗಿ ನನ್ನ ಫಲಕದ ಕೆಳಗೆ ಅದನ್ನು ಪ್ರತಿಷ್ಠಾಪಿಸಿದೆವು. ಬಾಗಿಲು ಇಂದಿಗೂ ಪೂರ್ತಿ ಮುಚ್ಚುವುದಿಲ್ಲ.

ನನ್ನ ಹೆಂಡತಿ ಶಾಂತಾ ಸೊಂಟದ ಮೇಲೆ ಕೈಯಿಟ್ಟು ಅದರ ಸುತ್ತ ಒಂದು ಸುತ್ತು ಬಂದಳು. "ಅಲ್ರಿ, ಅಂಗಿ ಗುಂಡಿ ಹಚ್ಚಾಕ ಬರೂದಿಲ್ಲ ನಿಮಗ. ಇದನ್ನ ತಂದ ಏನ ಮಾಡಾವ್ರು?"

"ಗುಂಡಿ ಬ್ಯಾರೆ, ಮಷೀನ ಬ್ಯಾರೆ. ಇದು ಇಂಜಿನ್ ಕೆಲಸ. ನಿನಗ ತಿಳಿಯೂದಿಲ್ಲ."

ಇಂಜಿನ್ ಎಂದ ಮೇಲೆ ಮೊದಲು ಎಣ್ಣೆ. ಮಷೀನಿನ ಮೈತುಂಬ ಎಣ್ಣೆ ಬಿಡುವ ತೂತುಗಳಿದ್ದವು. ತಂದ ಸಣ್ಣ ಬಾಟಲಿ ಅದರ ಗಂಟಲಿಗೂ ಸಾಲಲಿಲ್ಲ. ಅಂಗಡಿಗೆ ಯಾರು ಹೋಗಬೇಕು? ಅಡುಗೆ ಮನೆಯಲ್ಲಿ ಕುಸುಬಿ ಎಣ್ಣೆಯ ಡಬ್ಬಿ ಇತ್ತು. ಎಣ್ಣೆ ಎಂದರೆ ಎಣ್ಣೆ! ಧಾರಾಳವಾಗಿ ಸುರಿದೆ. ಬಸ್ಸಿಗೆ ಎಂದೂ ಕೈ ಬಿಗಿಹಿಡಿದು ಎಣ್ಣೆ ಹಾಕಿದವನಲ್ಲ ನಾನು. ಮೋಟಾರಿನ ಗುಂಡಿ ಒತ್ತಿದರೆ ಗುಂಯ್ ಎಂದು ಸದ್ದು ಬಂತು. ಕ್ರಮೇಣ ಮೋಟಾರು ಬಿಸಿಯಾಯಿತು. ಅದರ ಮೇಲೆ ಸೋರಿದ ಎಣ್ಣೆಯೂ ಕಾಯಿತು. ಮನೆಯೆಲ್ಲ ಮಿರ್ಚಿ ಭಜಿಯ ಗಾಡಿಯ ವಾಸನೆ!

ಶಾಂತಾ ಡಬ್ಬಿ ಅಲ್ಲಾಡಿಸಿ ನೋಡಿ ಓಡಿಬಂದಳು. "ಮಷೀನಿಗೆ ಒಗ್ಗರಣಿ ಹಾಕೇರೇನ್ರಿ? ಸಾಸಿವಿ ಜೀರಗಿನೂ ಕೊಡ್ಲ್ಯಾ?" ಬಾಜೂ ಮನೆಯವರು ಗೋಡೆಯಾಚೆಯಿಂದ, "ಭಜಿ ಮಾಡಾಕತ್ತೀರೇನ್ರಿ ಶಾಂತಕ್ಕಾರ?" ಎಂದು ಆಸೆಯಿಂದ ಕೇಳಿದರು. ಸಂಜೆಯ ಹೊತ್ತಿಗೆ ಇರುವೆಗಳು ಸಾಲುಗಟ್ಟಿ ಮಷೀನಿನ ದರ್ಶನಕ್ಕೆ ಬಂದವು. ಅವನ್ನು ಒರೆಸಿ, ಎಣ್ಣೆ ಒರೆಸಿ, ನೆಲ ಒರೆಸಿ, ನನ್ನ ಎರಡು ಬನಿಯನ್ನುಗಳು ಹುತಾತ್ಮರಾದವು.

ಆಮೇಲೆ ದಾರ ಪೋಣಿಸುವ ಕೆಲಸ. ದಾರವು ಉರುಳೆಯಿಂದ ಹೊರಟು ಯಾವ ಯಾವ ತೂತು ದಾಟಿ ಸೂಜಿಗೆ ಬರಬೇಕೆಂದು ಹೇಳಲು ಯಾರಿಲ್ಲ. ನಾನು ಪೂರ್ತಿ ಆಯುಷ್ಯ ಸಾದಾ ಬಸ್ಸು ಓಡಿಸಿದವನು. ಪಕ್ಕದೂರು ಕಲ್ಲೋಳಿಯಲ್ಲೂ ನಿಲ್ಲಿಸಬೇಕು, ಕೈ ತೋರಿಸಿದ ಮರದ ಕೆಳಗೂ ನಿಲ್ಲಿಸಬೇಕು. ಅದೇ ನ್ಯಾಯದಿಂದ ಕಂಡ ಕಂಡ ತೂತಿನಲ್ಲೆಲ್ಲ ದಾರ ತೂರಿಸಿದೆ. ಒಂದನ್ನೂ ಬಿಡಲಿಲ್ಲ. ಅದರಲ್ಲಿ ಎರಡು, ನಾನೇ ಎಣ್ಣೆ ಸುರಿದ ತೂತುಗಳು!

ಇಷ್ಟಾದರೂ ಚಕ್ರವನ್ನು ಕೈಯಿಂದ ತಿರುಗಿಸಿದರೆ ಹಳೆಯ ರೆಕ್ಸಿನ್ ತುಂಡಿನ ಮೇಲೆ ಟಕ್, ಟಕ್ ಎಂದು ಹೊಲಿಗೆ ಬಿತ್ತು. ನನಗೆ ಆಕಾಶ ಮೂರೇ ಗೇಣು. "ಕಾಲೀಲೆ ಒಮ್ಮಿ ತುಳದರ ನೋಡ್ರಿ" ಎಂದಳು ಶಾಂತಾ. "ಡ್ರೈವರ್‌ಗ ಕ್ಲಚ್ ಕಲಸಬ್ಯಾಡ" ಎಂದೆ. ಅಷ್ಟಕ್ಕೇ ಸುಮ್ಮನಿದ್ದರೂ ಆಗುತ್ತಿತ್ತು. ಬೀಗರಿಗೆ ಫೋನು ಹಚ್ಚಿದೆ. "ರವಿವಾರ ಜೋಡೀಲೆ ಬರ್ರಿ. ನಿಮ್ಮ ಕಣ್ಣ ಮುಂದ ಚಪ್ಪಲಿ ಪಟ್ಟಿ ಹೊಲದ ತೋರಸ್ತೇನಿ." ಆ ಕಡೆಯಿಂದ ಒಂದು "ಹೂಂ" ಬಂತು.

ತೊಗಲು ಅಪ್ಪನ ಹತ್ತಿರ ಇತ್ತು. ಕೈ ಗಟ್ಟಿ ಇದ್ದಾಗ ತಾನೇ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ಕೊನೆಯ ತೊಗಲು. ಮೊಮ್ಮಗಳ ಗಂಡನಿಗೆಂದೇ ತೆಗೆದಿಟ್ಟದ್ದು. ಅಂಥದ್ದು ಇನ್ನೆಲ್ಲೂ ಸಿಗುವುದಿಲ್ಲ. ಕೆಟ್ಟರೆ ಕೆಟ್ಟಿತು. ಕೇಳಲು ನನಗೇ ಅಳುಕು.

"ಅಪ್ಪಾ, ತೊಗಲ ಕೊಡು."

"ಮಷೀನಿನ್ಯಾಗ ಹೊಲಿತಿಯೇನ?"

"ಹೌದು."

ಅಪ್ಪ ಮಷೀನು ನೋಡಿದ, ಮತ್ತೆ ಸಾಲುಗಟ್ಟಿದ್ದ ಇರುವೆ ನೋಡಿದ, ನನ್ನನ್ನು ನೋಡಿದ. ಒಳಗೆ ಹೋಗಿ ಒಂದು ತುಂಡು ತಂದು ಕೊಟ್ಟ. ಅಷ್ಟು ಸಲೀಸಾಗಿ ಕೊಟ್ಟದ್ದು ಕಂಡು ಮಗನ ಮೇಲೆ ಎಂಥ ವಿಶ್ವಾಸ ಎಂದು ನನ್ನ ಕಣ್ಣು ತುಂಬಿ ಬಂತು.

ರವಿವಾರ ಬೀಗರು, ಬೀಗಿತಿ ಬಂದರು. ನಾನು ಧೋತರ ಉಟ್ಟು, ಹೆಗಲ ಮೇಲೆ ಸನ್ಮಾನದ ಶಲ್ಯ ಹೊದ್ದು ಸಿದ್ಧನಾಗಿದ್ದೆ. ಬೀಗರೂ ಇಸ್ತ್ರಿ ಮಾಡಿದ ಶಲ್ಯ ಹೊದ್ದಿದ್ದರು. ಫಲಕ ಓದಿಸಿದೆ. "ಹೂಂ" ಎಂದರು. ಚಹಾ ಆಯಿತು, ಅವಲಕ್ಕಿ ಆಯಿತು. ಗೋಕಾಕದ ದವಾಖಾನೆಯಲ್ಲಿ ನರ್ಸಾಗಿರುವ ಅಶ್ವಿನಿಗೆ ಅಂದು ರಜೆ. ಅವಳು ಅಡುಗೆ ಮನೆಯ ಬಾಗಿಲಲ್ಲಿ ಉಗುರು ಕಚ್ಚುತ್ತ ನಿಂತಿದ್ದಳು. ಅಪ್ಪ ಮೂಲೆಯ ಹೊರಸಿನ ಮೇಲೆ ಗೋಡೆಗೆ ಒರಗಿ ಕೂತಿದ್ದ.

ನಾನು ಮಷೀನಿನ ಮುಂದೆ ಆಸೀನನಾದೆ. ಅಪ್ಪ ಕೊಟ್ಟ ತೊಗಲಿನಿಂದ ಕತ್ತರಿಸಿದ ಪಟ್ಟಿಯನ್ನು ಸೂಜಿಯ ಕೆಳಗೆ ಇಟ್ಟೆ. ಗುಂಡಿ ಒತ್ತಿದೆ. ಗುಂಯ್! ಬೀಗರು ಎದ್ದು ಬಂದು ನನ್ನ ಹೆಗಲ ಪಕ್ಕದಲ್ಲೇ ಬಗ್ಗಿ ನಿಂತರು.

ಇಲ್ಲಿ ಓದುಗರಿಗೆ ಒಂದು ಮಾತು ಹೇಳಬೇಕು. ಬಸ್ಸಿನಲ್ಲಿ ಕ್ಲಚ್ ಒತ್ತಿದರೆ ಇಂಜಿನ್ನಿನ ಜೋರು ಗಾಲಿಗೆ ತಲುಪುವುದಿಲ್ಲ. ಗಾಬರಿಯಾದಾಗ ಎಡಗಾಲಿನಿಂದ ಕ್ಲಚ್, ಬಲಗಾಲಿನಿಂದ ಬ್ರೇಕ್. ಇದು ನನ್ನ ತಲೆಗೆ ಗೊತ್ತಿರುವುದಕ್ಕಿಂತ ನನ್ನ ಕಾಲಿಗೆ ಚೆನ್ನಾಗಿ ಗೊತ್ತು. ಈ ಮಷೀನಿನಲ್ಲಿ ಎಲ್ಲ ಉಲ್ಟಾ. ಹಲಗೆ ಒತ್ತಿದರೇ ಮೋಟಾರಿನ ಜೋರೆಲ್ಲ ಸೂಜಿಗೆ ಬರುತ್ತದೆ. ಬಿಟ್ಟರೆ ನಿಲ್ಲುತ್ತದೆ. ಇದು ನನಗೆ ತಿಳಿದದ್ದು ಆಮೇಲೆ.

ಮೆಲ್ಲಗೆ ಹಲಗೆ ಮುಟ್ಟಿದೆ. ಮಷೀನು ಒಮ್ಮೆಲೇ ಜಿಗಿಯಿತು. ಎಡಗಾಲು ಕ್ಲಚ್ ಒತ್ತಿತು, ಬಲಗಾಲು ಬ್ರೇಕ್ ಒತ್ತಿತು. ಎರಡೂ ಒಂದೇ ಹಲಗೆಯ ಮೇಲೆ! ಟರ್ರ್ರ್ರ್ ಎಂದು ಪಟ್ಟಿ ಹಾರಿತು. ಬಗ್ಗಿದ್ದ ನನ್ನ ಶಲ್ಯದ ತುದಿ ಅದರ ಜೊತೆ ಸೂಜಿಯ ಕೆಳಗೆ ಹೋಯಿತು. ಗಾಬರಿ ಹೆಚ್ಚಿತು. ಇನ್ನಷ್ಟು ಒತ್ತಿದೆ.

"ಕ್ಲಚ್ ಹಿಡೀರಿ ಬೀಗ್ರ, ಕ್ಲಚ್!" ಎಂದು ಯಲ್ಲಪ್ಪನವರು ಕೂಗಿದರು.

"ಹಿಡದೇನ್ರೀ!"

"ಪೂರಾ ಹಿಡೀರಿ!"

"ಪೂರಾನ ಹಿಡದೇನ್ರೀ ಯಪ್ಪಾ!"

ಆಪತ್ತಿನಲ್ಲಿ ಒಬ್ಬ ಡ್ರೈವರನ ಕೈ ಬಿಡದವನು ಇನ್ನೊಬ್ಬ ಡ್ರೈವರ್ ಮಾತ್ರ. ಯಲ್ಲಪ್ಪನವರು ತಮ್ಮ ಲಾರಿಯ ಕಾಲನ್ನು ತಂದು ನನ್ನ ಕಾಲಿನ ಮೇಲಿಟ್ಟು ಜಗ್ಗಿಸಿ ಒತ್ತಿದರು. ಮಷೀನಿಗೆ ಹೆದ್ದಾರಿಯೇ ಸಿಕ್ಕಂತಾಯಿತು! ಅವರ ಇಸ್ತ್ರಿ ಶಲ್ಯವೂ ಸರ್ರನೆ ಒಳಗೆ ಹೋಯಿತು. ನಮ್ಮಿಬ್ಬರ ಕುತ್ತಿಗೆಗಳು ಒಂದೇ ನೊಗಕ್ಕೆ ಹೂಡಿದ ಎತ್ತುಗಳ ಹಾಗೆ ಕೆಳಕೆಳಗೆ ಬಂದವು. ಅವರ ಮೀಸೆ ನನ್ನ ಕೆನ್ನೆಗೆ ಚುಚ್ಚುತ್ತಿತ್ತು.

ಅಶ್ವಿನಿ ಓಡಿಬಂದು ಗೋಡೆಯಿಂದ ವೈರನ್ನೇ ಕಿತ್ತಳು. ಮಷೀನು ನಿಂತಿತು. ಸೂಜಿ ನಮ್ಮ ಮೂಗುಗಳ ಮುಂದೆ ನಿಂತಿತ್ತು.

ಶಾಂತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಬೀಗಿತಿಯ ಕೈಯಲ್ಲಿ ಅವಲಕ್ಕಿ ತಟ್ಟೆ ವಾಲಿತ್ತು. ಯಲ್ಲಪ್ಪನವರ ಉಸಿರು ಬುಸ್ ಬುಸ್ ಎಂದು ನನ್ನ ಕಿವಿಗೆ ಬಡಿಯುತ್ತಿತ್ತು. ಆಯಿತು, ಸಂಬಂಧ ಮುರಿಯಿತು ಎಂದುಕೊಂಡೆ. ಮಗಳ ಮುಖ ನೋಡಲು ಧೈರ್ಯವಿರಲಿಲ್ಲ, ನೋಡೋಣವೆಂದರೆ ಕುತ್ತಿಗೆಯೂ ತಿರುಗುತ್ತಿರಲಿಲ್ಲ. ಅಪ್ಪನ ತೊಗಲಿನ ಮೇಲೆ ಸೂಜಿ ಹೊಡೆದ ತೂತುಗಳು ಮಾತ್ರ ಕಣ್ಣ ಮುಂದೆಯೇ ಇದ್ದವು. ನನಗೆ ಅಳು ಬರುವುದೊಂದು ಬಾಕಿ.

ಆಗ ಮೂಲೆಯ ಹೊರಸಿನಿಂದ ಅಪ್ಪನ ದನಿ ಬಂತು. ಅವನಿಗೆ ದೂರದ್ದೆಲ್ಲ ಮಂಜು. ಕೂಡಿಕೊಂಡ ಎರಡು ಶಲ್ಯ ಮಾತ್ರ ಕಂಡಿವೆ.

"ಗಂಟ ಹಾಕಿದ್ರೇನ? ಮತ್ತ ಸುಮ್ನ ಯಾಕ ನಿಂತೀರಿ ಎಲ್ಲಾರೂ? ಅಕ್ಕಿಕಾಳ ಒಗೀರಿ!"

ನನ್ನ ಕೆನ್ನೆಯ ಮೇಲಿದ್ದ ಮೀಸೆ ಒಮ್ಮೆ ನಡುಗಿತು. ಇನ್ನೊಮ್ಮೆ ನಡುಗಿತು. ಆಮೇಲೆ ಯಲ್ಲಪ್ಪನವರ ಹೊಟ್ಟೆಯ ಆಳದಿಂದ ಬಂದ ನಗುವಿದೆಯಲ್ಲ, ಹಳೆ ಲಾರಿ ಚಳಿಗಾಲದಲ್ಲಿ ಸ್ಟಾರ್ಟ್ ಆದ ಹಾಗೆ ಖೊರ್ರ್ ಎಂದು ಎರಡು ಸಲ ತಡವರಿಸಿ, ಮೂರನೆಯದಕ್ಕೆ ಹತ್ತಿಕೊಂಡಿತು! ಅವರು ನಕ್ಕರೆ ನನ್ನ ಕುತ್ತಿಗೆಯೂ ಕುಣಿಯಬೇಕು, ಕಟ್ಟಿಹಾಕಿದೆಯಲ್ಲ! ಬೀಗಿತಿ ತಟ್ಟೆಯ ಅವಲಕ್ಕಿಯನ್ನೇ ನಮ್ಮಿಬ್ಬರ ತಲೆಯ ಮೇಲೆ ಎರಚಿದರು. "ಇವ್ರು ನಕ್ಕದ್ದ ನಾನೂ ಈಗ ನೋಡಾಕತ್ತೇನ್ರಿ ಶಾಂತಕ್ಕಾ" ಎಂದು ಕಣ್ಣೊರೆಸಿಕೊಂಡರು. ನನ್ನ ಎದೆಯ ಮೇಲಿದ್ದ ಕಲ್ಲು ಜಾರಿ ಬಿದ್ದ ಸದ್ದು ಕಲ್ಲೋಳಿಗೂ ಕೇಳಿಸಿರಬೇಕು.

ಅಶ್ವಿನಿ ಕತ್ತರಿ ತಂದಳು. "ಅಳ್ಳಾಡಬ್ಯಾಡ್ರಿ ಮಾಮಾ. ಹೊಲಿಗಿ ಬಿಚ್ಚೂದು ನನ್ನ ದಿನಾದ ಕೆಲಸ. ನೋವಾಗೂದಿಲ್ಲ" ಎಂದು ಭಾವಿ ಮಾವನಿಗೆ ಧೈರ್ಯ ಹೇಳಿ ಒಂದೊಂದೇ ದಾರ ಕತ್ತರಿಸಿದಳು. ಅವರು ಶಿಸ್ತಿನ ರೋಗಿಯ ಹಾಗೆ ಕಣ್ಣು ಮುಚ್ಚಿ ನಿಂತಿದ್ದರು.

ಬಿಡುಗಡೆಯಾದ ಮೇಲೆ ತೂತುಬಿದ್ದ ತೊಗಲನ್ನು ಅಪ್ಪನ ಮುಂದೆ ಹಿಡಿದು ನಿಂತೆ. "ಅಪ್ಪಾ, ನಿನ್ನ ಕೊನೀ ತೊಗಲ ಕೆಡಿಸಿಬಿಟ್ಟೆ."

ಅಪ್ಪ ಅದನ್ನು ಮೂಸಿ ನೋಡಿ ಬದಿಗಿಟ್ಟ. "ಇದು ಹಳೀ ಚೀಲದ್ದೋ ಮಲ್ಲ್ಯಾ. ಖರೇ ತೊಗಲ ನನ್ನ ಹಾಸಿಗಿ ಬುಡಕ ಐತಿ. ನಿನ್ನ ಮಷೀನ ನೋಡಿದ ಮ್ಯಾಲ ಅದನ್ನ ಕೊಡ್ತೇನೇನ?"

ವಿಶ್ವಾಸ ಎಂದರೆ ಇದು! ಆದರೂ ಆ ಕ್ಷಣ ಅಪ್ಪನ ಕಾಲಿಗೆ ಬೀಳಬೇಕೆನಿಸಿತು, ಬಿದ್ದೆ ಕೂಡ.

ಕೊನೆಗೆ ಚಪ್ಪಲಿಯನ್ನು ಕೈಯಿಂದಲೇ ಹೊಲಿದೆವು. ಎಡಗಾಲಿನದು ಅಪ್ಪ ಹೊಲಿದ. ಕೈ ನಡುಗಿದಾಗ ನಾನು ಅವನ ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದೆ. ಬಲಗಾಲಿನದು ನಾನು. ದಬ್ಬಣ ತೊಗಲಿಗಿಂತ ನನ್ನ ಬೆರಳಿಗೇ ಹೆಚ್ಚು ಹೋಯಿತು. ಮಷೀನಿನ ಮೇಲೆ ಶಾಂತಾ ಹಳೆಯ ಚಾದರ ಹೊದಿಸಿದಳು. ಗೋಡೆಯ ಫಲಕವನ್ನು ಇಳಿಸಿ ಅದರ ಮೇಲೇ ಇಟ್ಟಳು. "ಮೊದಲನೇ ಅಪಘಾತ ಆದ ಜಾಗಾದಾಗ ಇರಲಿ" ಎಂದಳು.

ಮದುವೆಯ ದಿನ ಅಳಿಯ ನಮ್ಮ ಮನೆಯ ಚಪ್ಪಲಿ ಮೆಟ್ಟಿ ಬಂದ. ಬ್ಯಾಂಡಿನ ಅಬ್ಬರದಲ್ಲಿ ಅದರ ಸದ್ದು ಯಾರಿಗೂ ಕೇಳಲಿಲ್ಲ. ಶಲ್ಯಕ್ಕೂ ಸೆರಗಿಗೂ ಗಂಟು ಹಾಕುವ ಹೊತ್ತಿಗೆ ಯಲ್ಲಪ್ಪನವರು ನನ್ನ ಕಡೆ ನೋಡಿ, ತಮ್ಮ ಶಲ್ಯ ಮಡಚಿ ಹೆಂಡತಿಯ ಚೀಲದಲ್ಲಿ ಇಟ್ಟರು. ನಗು ಬಂದು ನನಗೆ ಮಗಳನ್ನು ಒಪ್ಪಿಸಿಕೊಡುವ ದುಃಖವೂ ಅರ್ಧ ಆಯಿತು.

ಆಮೇಲೆ ಬ್ಯಾಂಡು ನಿಂತಾಗ ಅಳಿಯ ಮತ್ತೆ ಚಪ್ಪಲಿ ಮೆಟ್ಟಿ ಹೊರಟ. ಎಡಗಾಲು ಇಟ್ಟರೆ ಕರ್ರ್! ಊರವರು ತಲೆ ಎತ್ತಿದರು. ಬಲಗಾಲು ಇಟ್ಟರೆ... ಏನೂ ಇಲ್ಲ. ಮತ್ತೆ ಕರ್ರ್. ಮತ್ತೆ ಏನೂ ಇಲ್ಲ. ಒಂಟಿ ಕಾಲಿನವನೊಬ್ಬ ಮಂಟಪದಿಂದ ಇಳಿದು ಹೋಗುತ್ತಿರುವಂತೆ ಕೇಳುತ್ತಿತ್ತು.

ಯಲ್ಲಪ್ಪನವರು ನನ್ನ ಕಿವಿಯ ಹತ್ತಿರ ಬಂದರು. "ಬೀಗ್ರ, ಬಲಗಾಲಿಂದು ಯಾರ ಹೊಲದಾರ್ರಿ?"

ನಾನು ಚಪ್ಪರ ನೋಡುತ್ತ, "ಅದು ಮಷೀನ್ ಹೊಲದೈತ್ರಿ" ಎಂದೆ.